ಮೆಡಿಟರೇನಿಯನ್ ಕ್ರೂಸ್‌: ಪ್ರತಿ ಬಂದರಿನಲ್ಲೂ ಹಡಗಿನವರ ಟೂರ್ ತಗೋಬೇಕಾ, ನಾವೇ ಸುತ್ತಬಹುದಾ?

ಪುಣೆಯಿಂದ ನಾಲ್ಕು ಜನ ಹೊರಟಿದ್ದೀರಿ. ನೀವು, ನಿಮ್ಮ ಹೆಂಡತಿ, ಹತ್ತು ವರ್ಷದ ಮಗಳು, ಮಂಡಿನೋವಿರುವ ತಾಯಿ. ಬಾರ್ಸಿಲೋನಾದಲ್ಲಿ ಹಡಗು ಹತ್ತಿ ಮಾರ್ಸೇ, ಜಿನೋವಾ, ಚಿವಿತಾವೆಕ್ಕಿಯಾ (ರೋಮ್‌ಗೆ ಹೋಗುವವರು ಇಳಿಯುವ ಬಂದರು), ನೇಪಲ್ಸ್, ಪಲೆರ್ಮೊ ನೋಡಿ, ಒಂದು ದಿನ ಪೂರ್ತಿ ಸಮುದ್ರದಲ್ಲಿದ್ದು ಮತ್ತೆ ಬಾರ್ಸಿಲೋನಾಕ್ಕೆ ಬರುತ್ತೀರಿ. ಎಲ್ಲ ಬಂದರಿಗೂ ಹಡಗಿನವರ ಟೂರ್ ತಗೊಂಡರೆ ಖರ್ಚು ಕೈ ಮೀರುತ್ತದೆ, ಏನೂ ತಗೊಳ್ಳದಿದ್ದರೆ ಹಡಗು ತಪ್ಪಿಹೋಗುವ ಭಯ. ಏನು ಮಾಡೋದು ಅಂತ ಕೇಳಿದ್ದೀರಿ.

ನನ್ನ ಸಲಹೆ ಇದು. ಚಿವಿತಾವೆಕ್ಕಿಯಾ ಒಂದಕ್ಕೆ ಮಾತ್ರ ಹಡಗಿನವರ ಟೂರ್‌ಗೆ ದುಡ್ಡು ಕೊಡಿ. ಉಳಿದ ಕಡೆ ನೀವೇ ಹೋಗಿ. ನಾನಿರೋದು ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ. ಇದೇ ಕಡೆ ಕ್ರೂಸ್ ಹೋದಾಗ ನಮ್ಮ ಜೊತೆ ಅತ್ತೆಯೂ ಇದ್ದರು, ಅವರಿಗೂ ಮಂಡಿನೋವು. ಹಾಗಾಗಿ ನಿಮ್ಮ ಪ್ರಶ್ನೆ ನನಗೆ ಚೆನ್ನಾಗಿ ಅರ್ಥವಾಗುತ್ತದೆ.

ಟೂರ್ ಪಟ್ಟಿ ನೋಡುವಾಗ ಎಲ್ಲರೂ ಮೊದಲು ನೋಡುವುದು ಜಾಗದ ಹೆಸರು. ನೀವು ಮೊದಲು ದೂರ ನೋಡಿ. ಹಡಗು ನಿಲ್ಲುವ ಜಾಗ ಒಂದು, ನೀವು ನೋಡಬೇಕಾದ ಊರು ಇನ್ನೊಂದು. ಕೆಲವು ಕಡೆ ಹಡಗಿನಿಂದ ಇಳಿದು ಹತ್ತು ನಿಮಿಷ ನಡೆದರೆ ಊರ ನಡುವೆ ಇರುತ್ತೀರಿ. ಕೆಲವು ಕಡೆ ಪಟ್ಟಿಯಲ್ಲಿ ‘ರೋಮ್’ ಅಂತ ಬರೆದಿರುತ್ತಾರೆ, ಇಳಿದು ನೋಡಿದರೆ ರೋಮ್ ಎಲ್ಲೋ ಇರುತ್ತದೆ. ಚಿವಿತಾವೆಕ್ಕಿಯಾದಿಂದ ರೋಮ್‌ಗೆ 70 ಕಿಲೋಮೀಟರಿಗೂ ಜಾಸ್ತಿ. ನಮ್ಮ ಮುಂಬೈ ಲೋಕಲ್ ರೈಲಿನಲ್ಲಿ ಚರ್ಚ್‌ಗೇಟ್‌ನಿಂದ ವಿರಾರ್‌ಗೆ 60 ಅಷ್ಟೇ.

ಆಮೇಲೆ ಗಂಟೆ ಎಣಿಸಿ. ಹಡಗು ಬೆಳಗ್ಗೆ 8ಕ್ಕೆ ಬಂದು ಸಂಜೆ 6ಕ್ಕೆ ಹೊರಡುತ್ತದೆ ಅಂದರೆ ಹತ್ತು ಗಂಟೆ ಸಿಕ್ಕಿತು ಅಂತ ಅನ್ನಿಸುತ್ತದೆ. ಸಿಗುವುದಿಲ್ಲ. ಲಂಗರು ಹಾಕಿ, ಅಲ್ಲಿನ ಅಧಿಕಾರಿಗಳು ಒಪ್ಪಿಗೆ ಕೊಟ್ಟು, ಸಾಲಿನಲ್ಲಿ ನಿಂತು ಇಳಿಯುವ ಹೊತ್ತಿಗೆ ಮುಕ್ಕಾಲು ಗಂಟೆ ಹೋಗಿರುತ್ತದೆ. ಸಂಜೆ ಹೊರಡುವುದಕ್ಕಿಂತ ಅರ್ಧ ಗಂಟೆ, ಕೆಲವು ಹಡಗಿನಲ್ಲಿ ಒಂದು ಗಂಟೆ ಮೊದಲೇ ಎಲ್ಲರೂ ಒಳಗೆ ಇರಬೇಕು. ಆ ಸಮಯಕ್ಕೆ ‘ಆಲ್ ಅಬೋರ್ಡ್’ ಅನ್ನುತ್ತಾರೆ. ನೀವು ಲೆಕ್ಕ ಹಾಕಬೇಕಾದದ್ದು ಅದನ್ನೇ, ಹಡಗು ಹೊರಡುವ ಸಮಯವನ್ನಲ್ಲ.

ಈಗ ರೋಮ್ ವಿಷಯಕ್ಕೆ ಬರೋಣ. ಸ್ವಂತವಾಗಿ ಹೋಗಬಹುದು, ಬಹಳ ಜನ ಹೋಗುತ್ತಾರೆ. ಬಂದರಿನ ಉಚಿತ ಬಸ್ಸು ‘ಲಾರ್ಗೊ ದೆಲ್ಲಾ ಪಾಚೆ’ ಎನ್ನುವ ಜಾಗಕ್ಕೆ ಬಿಡುತ್ತದೆ. ಅಲ್ಲಿಂದ ಊರ ಬಸ್ಸಿನಲ್ಲಿ ಅಥವಾ ನಡೆದು ರೈಲ್ವೆ ಸ್ಟೇಷನ್. ಪ್ಯಾಸೆಂಜರ್ ರೈಲಿನ ಟಿಕೆಟ್ ತಲೆಗೆ ಸುಮಾರು ಐದು ಯೂರೋ. ಸಾನ್ ಪಿಯೆತ್ರೋ ಸ್ಟೇಷನ್ನಿಗೆ ಮುಕ್ಕಾಲರಿಂದ ಒಂದು ಗಂಟೆ, ಅಲ್ಲಿ ಇಳಿದರೆ ಸಂತ ಪೀಟರ್ ಚರ್ಚಿಗೆ ನಡೆದೇ ಹೋಗಬಹುದು. ಕಾಗದದ ಟಿಕೆಟ್ ಆದರೆ ಹತ್ತುವ ಮೊದಲು ಪ್ಲಾಟ್‌ಫಾರ್ಮಿನ ಮೆಷಿನ್ನಿನಲ್ಲಿ ಮುದ್ರೆ ಹಾಕಿಸಬೇಕು, ಇಲ್ಲದಿದ್ದರೆ ದಂಡ. ಬೆಳಗ್ಗೆ ಫಾಸ್ಟ್ ಲೋಕಲ್ ಹಿಡಿದು ರೂಢಿ ಇರುವವರಿಗೆ ಇದರಲ್ಲಿ ಕಷ್ಟ ಏನಿಲ್ಲ.

ಆದರೂ ನಿಮಗೆ ಬೇಡ ಅಂತ ಯಾಕೆ ಹೇಳುತ್ತಿದ್ದೇನೆ ಅಂದರೆ, ಇಟಲಿಯಲ್ಲಿ ರೈಲು ಮುಷ್ಕರ ಆಗಾಗ ಆಗುತ್ತದೆ. ಮುಷ್ಕರದ ದಿನ ವಾರದ ದಿನಗಳಲ್ಲಿ ಬೆಳಗ್ಗೆ 6ರಿಂದ 9, ಸಂಜೆ 6ರಿಂದ 9ರ ಪ್ಯಾಸೆಂಜರ್ ರೈಲುಗಳಿಗೆ ಮಾತ್ರ ಖಾತರಿ ಇರುತ್ತದೆ. ಕ್ರೂಸ್‌ನವರು ವಾಪಸ್ ಬರುವುದು ಮಧ್ಯಾಹ್ನ 3–4ಕ್ಕೆ. ಖಾತರಿ ಇಲ್ಲದ ಹೊತ್ತು ಅದೇ ಅಲ್ವಾ? ಹಡಗಿನವರ ಬಸ್ಸು ತಡವಾದರೆ ಹಡಗು ಕಾಯುತ್ತದೆ, ಇಲ್ಲವೇ ಮುಂದಿನ ಬಂದರಿಗೆ ತಲುಪಿಸುವ ಹೊಣೆ ಅವರದ್ದು. ನೀವೇ ಹೋಗಿ ತಡವಾದರೆ ಯಾರೂ ಕಾಯುವುದಿಲ್ಲ. ಮುಂದಿನ ಬಂದರಿಗೆ ನಿಮ್ಮ ದುಡ್ಡಿನಲ್ಲೇ ಹೋಗಿ ಹಡಗು ಹಿಡಿಯಬೇಕು. ತಾಯಿಯನ್ನೂ ಮಗುವನ್ನೂ ಕರೆದುಕೊಂಡು ಆ ಓಡಾಟ ಖಂಡಿತ ಬೇಡ.

ಆದರೆ ಹಡಗಿನವರ ದೊಡ್ಡ ಟೂರೇ ತಗೋಬೇಕು ಅಂತಿಲ್ಲ. ಪಟ್ಟಿಯ ಕೆಳಗೆ ಹುಡುಕಿ. ‘ರೋಮ್ ಆನ್ ಯುವರ್ ಓನ್’ ಎನ್ನುವಂಥ ಹೆಸರಿನಲ್ಲಿ ಒಂದು ಸಾದಾ ಬಸ್ ಇರುತ್ತದೆ. ಗೈಡ್ ಇಲ್ಲ, ಊಟ ಇಲ್ಲ. ರೋಮ್‌ನಲ್ಲಿ ಒಂದು ಕಡೆ ಇಳಿಸಿ, ಹೇಳಿದ ಸಮಯಕ್ಕೆ ಅಲ್ಲಿಂದಲೇ ಹತ್ತಿಸಿಕೊಳ್ಳುತ್ತಾರೆ. ಪೂರ್ತಿ ಟೂರ್‌ಗಿಂತ ಬಹಳ ಅಗ್ಗ. ಹಡಗು ಕಾಯುವ ಭರವಸೆ ಇದಕ್ಕೂ ಸಿಗುತ್ತದೆ. ನಾವು ತಗೊಂಡದ್ದು ಇದನ್ನೇ, ನಿಮಗೂ ಇದನ್ನೇ ಹೇಳುತ್ತೇನೆ.

ರೋಮ್‌ನಲ್ಲಿ ನಿಮಗೆ ಸಿಗುವುದು ಐದು ಗಂಟೆ ಅಂದುಕೊಳ್ಳಿ. ಅಷ್ಟರಲ್ಲಿ ವ್ಯಾಟಿಕನ್ ಮ್ಯೂಸಿಯಂ, ಕೊಲೋಸಿಯಂ ಎರಡನ್ನೂ ಒಳಗೆ ಹೋಗಿ ನೋಡುವ ಆಸೆ ಬಿಡಿ. ಒಂದನ್ನು ಆರಿಸಿ. ಹತ್ತು ವರ್ಷದ ಹುಡುಗಿಗೆ ಕೊಲೋಸಿಯಂ ಜಾಸ್ತಿ ಇಷ್ಟವಾಗುತ್ತದೆ ಅಂತ ನನ್ನ ಅನಿಸಿಕೆ. ಒಳಗೆ ಹೋಗಲು ಸಮಯ ನಮೂದಿಸಿದ ಟಿಕೆಟ್ ಬೇಕು, ಮೊದಲೇ ಆನ್‌ಲೈನ್‌ನಲ್ಲಿ ತಗೊಳ್ಳಿ. ವ್ಯಾಟಿಕನ್ ಮ್ಯೂಸಿಯಂ ಭಾನುವಾರ ಮುಚ್ಚಿರುತ್ತದೆ, ತಿಂಗಳ ಕೊನೆಯ ಭಾನುವಾರ ಬಿಟ್ಟು. ಬುಧವಾರ ಬೆಳಗ್ಗೆ ಪೋಪ್ ದರ್ಶನ ಇರುವುದರಿಂದ ಸಂತ ಪೀಟರ್ ಚರ್ಚಿನ ಸುತ್ತ ವಿಪರೀತ ಜನ. ಚರ್ಚಿನ ಒಳಗೆ ಭುಜ, ಮಂಡಿ ಮುಚ್ಚಿರಬೇಕು. ತಾಯಿಯವರು ಸೀರೆ ಉಟ್ಟರೆ ಚಿಂತೆ ಇಲ್ಲ. ನೀವು ಚಡ್ಡಿ ಹಾಕಿಕೊಂಡು ಹೋಗಬೇಡಿ, ಅಷ್ಟೆ.

ನೇಪಲ್ಸ್ ಪೂರ್ತಿ ಬೇರೆ ಥರ. ಅಲ್ಲಿ ಹಡಗು ಊರ ಮಡಿಲಲ್ಲೇ ನಿಲ್ಲುತ್ತದೆ. ಎಲ್ಲರೂ ಪೊಂಪೇ ಅಂತ ಓಡುತ್ತಾರೆ. ಪೊಂಪೇ ದೊಡ್ಡದು, ನಿಜವಾಗಿಯೂ ನೋಡಬೇಕಾದದ್ದು. ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿ ಸಿಡಿದು ಬೂದಿಯಲ್ಲಿ ಮುಚ್ಚಿಹೋದ ಇಡೀ ಊರು ಅದು. ಆದರೆ ನಿಮ್ಮ ತಾಯಿಯ ಮಂಡಿಗೆ ಅದು ಒಳ್ಳೆಯ ಜಾಗ ಅಲ್ಲ. ರಸ್ತೆಗೆಲ್ಲ ಏರುಪೇರಾದ ದೊಡ್ಡ ದೊಡ್ಡ ಕಲ್ಲು ಹಾಸಿದ್ದಾರೆ. ರಸ್ತೆ ದಾಟಲು ಆ ಕಾಲದವರು ಇಟ್ಟ ಎತ್ತರದ ಕಲ್ಲುಗಳ ಮೇಲೆ ಕಾಲಿಡಬೇಕು. ನೆರಳು ಕಡಿಮೆ. ಜುಲೈ–ಆಗಸ್ಟ್‌ನಲ್ಲಿ ಬಿಸಿಲು ನಮ್ಮ ಮೇ ತಿಂಗಳಿಗೆ ಏನೂ ಕಡಿಮೆ ಇರುವುದಿಲ್ಲ. ಹಡಗಿನವರ ಟೂರ್ ತಗೊಂಡರೂ ಈ ಕಲ್ಲು, ಈ ಬಿಸಿಲು ಬದಲಾಗುವುದಿಲ್ಲ. ನಲವತ್ತು ಜನರ ಗುಂಪಿನ ನಡಿಗೆಗೆ ತಾಯಿಯವರು ಹೆಜ್ಜೆ ಹಾಕಬೇಕಾಗುತ್ತದೆ. ಎಷ್ಟೋ ಟೂರ್‌ಗಳಲ್ಲಿ ನಡುವೆ ಕ್ಯಾಮಿಯೊ (ಚಿಪ್ಪಿನ ಮೇಲೆ ಚಿತ್ರ ಕೆತ್ತಿದ) ಒಡವೆ ಅಂಗಡಿಗೆ ಬೇರೆ ನುಗ್ಗಿಸುತ್ತಾರೆ. ಅಷ್ಟು ಸಮಯ ಸುಮ್ನೆ ಹಾಳು.

ನನ್ನ ಮಾತು ಕೇಳಿ, ನೇಪಲ್ಸ್‌ನ ಪುರಾತತ್ವ ಮ್ಯೂಸಿಯಂಗೆ ಹೋಗಿ. ಬಂದರಿನ ಎದುರಿಗೇ ಮುನಿಚಿಪಿಯೊ ಮೆಟ್ರೋ ಸ್ಟೇಷನ್ ಇದೆ. 1ನೇ ಲೈನ್ ಹಿಡಿದು ಮೂರನೇ ಸ್ಟಾಪ್ ‘ಮುಸೇಯೋ’ದಲ್ಲಿ ಇಳಿದರೆ ಆಯಿತು. ಪೊಂಪೇಯ ಮನೆಗಳಿಂದ ತೆಗೆದ ಒಳ್ಳೊಳ್ಳೆಯ ಮೊಸಾಯಿಕ್, ಗೋಡೆ ಚಿತ್ರ, ಕಂಚಿನ ಮೂರ್ತಿ, ಅಡುಗೆ ಪಾತ್ರೆ ಎಲ್ಲ ಇರುವುದು ಇಲ್ಲಿ. ಪೊಂಪೇಯಲ್ಲಿ ಉಳಿದಿರುವುದು ಗೋಡೆ, ಬೀದಿ. ಅಲ್ಲಿ ಬದುಕಿದವರ ಸಾಮಾನು ಇರುವುದು ಈ ಮ್ಯೂಸಿಯಂನಲ್ಲಿ. ಮಗಳಿಗೆ ಇದನ್ನು ವಿವರಿಸಿ ತೋರಿಸಿದರೆ ಅವಳು ಮರೆಯುವುದಿಲ್ಲ.

ಇನ್ನೂ ಒಂದು ವಸ್ತು ಅಲ್ಲಿದೆ, ಅದನ್ನು ನೆನೆದರೆ ನನಗೆ ಈಗಲೂ ಮೈ ಜುಮ್ ಅನ್ನುತ್ತದೆ. ದಂತದಲ್ಲಿ ಕೆತ್ತಿದ ಒಂದು ಚಿಕ್ಕ ಹೆಣ್ಣಿನ ಮೂರ್ತಿ. ಕೊರಳ ತುಂಬ ಹಾರ, ಕೈ ತುಂಬ ಬಳೆ, ಅಕ್ಕಪಕ್ಕ ಇಬ್ಬರು ಸೇವಕಿಯರು. 1938ರಲ್ಲಿ ಪೊಂಪೇಯ ಒಂದು ಮನೆಯಲ್ಲಿ ಸಿಕ್ಕಿತು. ನಮ್ಮ ದೇಶದ್ದು! ಮೊದಲು ಲಕ್ಷ್ಮಿ ಅಂದರು, ಈಗ ಯಕ್ಷಿ ಅನ್ನುವವರೇ ಹೆಚ್ಚು. ಇಂಥದ್ದೇ ದಂತದ ಮೂರ್ತಿ ಮಹಾರಾಷ್ಟ್ರದ ಜಾಲ್ನಾ ಜಿಲ್ಲೆಯ ಭೋಕರ್ದನ್‌ನಲ್ಲಿ ಸಿಕ್ಕಿದೆ. ಅದಕ್ಕೇ ಇದೂ ಆ ಕಡೆಯಿಂದಲೇ ಹೋಗಿರಬೇಕು ಅಂತ ಕೆಲವು ವಿದ್ವಾಂಸರು ಹೇಳುತ್ತಾರೆ. ಬೂದಿ ಬೀಳುವ ಮೊದಲೇ ಅದು ಅಲ್ಲಿಗೆ ಹೋಗಿತ್ತು ಅಂದರೆ ಸುಮಾರು ಎರಡು ಸಾವಿರ ವರ್ಷ ಹಿಂದೆಯೇ ನಮ್ಮ ಕಡೆಯ ಸರಕು ಸಮುದ್ರ ದಾಟಿ ನೇಪಲ್ಸ್ ಹತ್ತಿರದ ಮನೆ ಸೇರಿತ್ತು. ಪುಣೆಯಿಂದ ಹೋಗುವವರು ಇದನ್ನು ನೋಡದೆ ಬರಬಾರದು. ಯಾವ ಟೂರ್ ಪಟ್ಟಿಯಲ್ಲೂ ಇದರ ಹೆಸರು ನಾನು ನೋಡಿಲ್ಲ. ಒಳಗೆ ಹೋದ ಕೂಡಲೇ ಯಾವ ಕೋಣೆಯಲ್ಲಿದೆ, ಅವತ್ತು ತೆರೆದಿದೆಯಾ ಅಂತ ಕೌಂಟರ್‌ನಲ್ಲಿ ಕೇಳಿಕೊಳ್ಳಿ.

ಮ್ಯೂಸಿಯಂ ಮುಗಿಸಿ ಪಿಜ್ಜಾ ತಿನ್ನಿ. ತಾಯಿಯವರು ಚೀಸ್ ವಿಷಯದಲ್ಲಿ ಕಟ್ಟುನಿಟ್ಟಾಗಿದ್ದರೆ ‘ಮರಿನಾರಾ’ ಕೇಳಿ. ಟೊಮೆಟೊ, ಬೆಳ್ಳುಳ್ಳಿ, ಎಣ್ಣೆ, ಒರೆಗಾನೊ ಅಷ್ಟೇ.

ಪೊಂಪೇ ನೋಡಲೇಬೇಕು ಅಂತ ನಿಮ್ಮಿಬ್ಬರಿಗೆ ಹಟ ಇದ್ದರೆ, ಒಬ್ಬರು ತಾಯಿಯ ಜೊತೆ ಮ್ಯೂಸಿಯಂಗೆ, ಇನ್ನೊಬ್ಬರು ಮಗಳ ಜೊತೆ ಪೊಂಪೇಗೆ ಹೋಗಬಹುದು. ಗರಿಬಾಲ್ಡಿ ಚೌಕದಿಂದ ಚಿರ್ಕುಮ್ವೆಸುವಿಯಾನಾ ಅನ್ನುವ ಲೋಕಲ್ ರೈಲು, ಮುಕ್ಕಾಲು ಗಂಟೆಯೊಳಗೆ ‘ಪೊಂಪೇ ಸ್ಕಾವಿ’ ಸ್ಟೇಷನ್. ರೈಲಿನಲ್ಲಿ ನೂಕುನುಗ್ಗಲು, ಜೇಬುಗಳ್ಳರ ಕಾಟ ಎರಡೂ ಇದೆ. 2024ರ ನವೆಂಬರ್‌ನಿಂದ ಪೊಂಪೇಯೊಳಗೆ ದಿನಕ್ಕೆ 20,000 ಜನರಿಗೆ ಮಾತ್ರ ಪ್ರವೇಶ, ಟಿಕೆಟ್ ಮೇಲೆ ಹೆಸರೂ ಇರುತ್ತದೆ. ಹಾಗಾಗಿ ಟಿಕೆಟ್ ಮೊದಲೇ ತಗೊಂಡು ಪಾಸ್‌ಪೋರ್ಟಿನ ನಕಲು ಜೊತೆಗೆ ಇಟ್ಟುಕೊಳ್ಳಿ.

ಪಲೆರ್ಮೊದಲ್ಲಿ ಟೂರ್ ಬೇಡವೇ ಬೇಡ. ಬಂದರಿನಿಂದ ಹಳೆ ಊರಿಗೆ ನಡೆದು ಹೋಗುವ ದೂರ. ತಾಯಿಯವರಿಗೆ ಟ್ಯಾಕ್ಸಿ ಮಾಡಿ, ಹತ್ತುವ ಮೊದಲೇ ದರ ಮಾತಾಡಿಕೊಳ್ಳಿ. ಅರಮನೆಯೊಳಗಿನ ಕಪ್ಪೆಲ್ಲಾ ಪಲಾಟಿನಾ ಒಂದನ್ನು ನೋಡಿದರೂ ಸಾಕು. ನಾರ್ಮನ್ ರಾಜ 2ನೇ ರೋಜರ್ 12ನೇ ಶತಮಾನದಲ್ಲಿ ಕಟ್ಟಿಸಿದ ಚಿಕ್ಕ ಚರ್ಚು. ಗೋಡೆಯ ಚಿನ್ನದ ಮೊಸಾಯಿಕ್ ಬೈಜಾಂಟಿನ್ (ಪೂರ್ವದ ಕ್ರೈಸ್ತ ಸಾಮ್ರಾಜ್ಯದ) ಶೈಲಿಯದು, ಮರದ ಚಾವಣಿ ಅರಬ್ ಕುಶಲಕರ್ಮಿಗಳ ಶೈಲಿಯದು. ಬೇರೆ ಬೇರೆ ಧರ್ಮದವರ ಕೈಗೆಲಸ ಒಂದೇ ಸೂರಿನಡಿ ಹೀಗೆ ಕೂಡಿರುವುದನ್ನು ನಾನು ಬೇರೆಲ್ಲೂ ಕಂಡಿಲ್ಲ. ಹೊರಗೆ ಬಲ್ಲಾರೋ ಸಂತೆಯಲ್ಲಿ ‘ಪನೆಲ್ಲೆ’ ಮಾರುತ್ತಾರೆ. ಕಡಲೆಹಿಟ್ಟಿನ ಬಿಲ್ಲೆ, ಬಿಸಿ ಬಿಸಿ ಕರಿದು ಕೊಡುತ್ತಾರೆ. ನಮ್ಮವರಿಗೆ ಬಹಳ ಹಿಡಿಸುತ್ತದೆ.

ಜಿನೋವಾದಲ್ಲೂ ಹಾಗೆಯೇ, ಇಳಿದು ನಡೆಯಿರಿ. ಹಡಗಿನವರು ಹತ್ತಿರದ ಕಡಲತೀರದ ಊರು ಪೋರ್ಟೊಫಿನೊಗೆ ಟೂರ್ ಮಾರಲು ನೋಡುತ್ತಾರೆ, ಸುಂದರವಾದ ಜಾಗವೇ. ಆದರೆ ಮರುದಿನ ರೋಮ್ ಇದೆ, ಹಿಂದಿನ ದಿನವೇ ಎಲ್ಲರೂ ಸುಸ್ತಾಗುವುದು ಬೇಡ. ಬಂದರಿನ ದಂಡೆಯಲ್ಲೇ ದೊಡ್ಡ ಅಕ್ವೇರಿಯಂ ಇದೆ, ಮಗಳಿಗೆ ಅದು ಸಾಕು. ಅಲ್ಲಿನ ‘ಫರಿನಾತಾ’ ಕೂಡ ಕಡಲೆಹಿಟ್ಟಿನದೇ, ಒಲೆಯಲ್ಲಿ ಬೇಯಿಸಿದ ದಪ್ಪ ದೋಸೆಯ ಹಾಗಿರುತ್ತದೆ.

ಮಾರ್ಸೇಯಲ್ಲಿ ಹಡಗು ಊರಿನಿಂದ ದೂರ ನಿಲ್ಲುತ್ತದೆ. ಹಳೆ ಬಂದರಿಗೆ ಹೋಗುವ ಶಟಲ್ ಬಸ್ಸಿಗಷ್ಟೇ ದುಡ್ಡು ಕೊಟ್ಟರೆ ಸಾಕು. ಯಾರಿಗಾದರೂ ಸುಸ್ತು ಅನ್ನಿಸಿದರೆ ಇಲ್ಲಿ ಹಡಗಿನಲ್ಲೇ ಉಳಿಯಲಿ. ಎಲ್ಲರೂ ಇಳಿದುಹೋದ ಹಡಗು ತುಂಬಾ ಹಿತವಾಗಿರುತ್ತದೆ, ಈಜುಕೊಳವೂ ಖಾಲಿ.

ಪಟ್ಟಿ ಓದುವಾಗ ಎರಡು ವಿಷಯ ಗಮನಿಸಿ. ‘ಪನೋರಮಿಕ್’ ಅಂತ ಇದ್ದರೆ ಬಹುಪಾಲು ಬಸ್ಸಿನ ಕಿಟಕಿಯಿಂದಲೇ ನೋಡುವುದು. ತಾಯಿಯವರಿಗೆ ಅದು ಅನುಕೂಲ ಇರಬಹುದು, ಮಗಳಿಗೆ ಬೇಜಾರು. ಎಷ್ಟು ನಡೆಯಬೇಕು ಅಂತ ಪ್ರತಿ ಟೂರ್‌ಗೂ ಗುರುತು ಹಾಕಿರುತ್ತಾರೆ, ಅದನ್ನು ಹೆಸರಿಗಿಂತ ಮೊದಲು ಓದಿ. ಇನ್ನೊಂದು, ಗಾಳಿ ಜಾಸ್ತಿಯಾಗಿ ಹಡಗು ಯಾವುದಾದರೂ ಬಂದರು ಬಿಟ್ಟುಹೋದರೆ ಹಡಗಿನವರ ಟೂರ್‌ನ ದುಡ್ಡು ವಾಪಸ್ ಬರುತ್ತದೆ. ಹೊರಗೆ ಬುಕ್ ಮಾಡಿದ್ದರೆ ಬರುತ್ತದೆ ಅನ್ನುವ ಖಾತರಿ ಇಲ್ಲ. ಆದ್ದರಿಂದ ಹೊರಗಿನ ಟಿಕೆಟ್ ತಗೊಳ್ಳುವಾಗ ರದ್ದು ಮಾಡುವ ನಿಯಮ ಓದಿಯೇ ತಗೊಳ್ಳಿ.

ಪ್ರತಿದಿನ ಹಡಗಿನವರು ಕೋಣೆಗೋ ಆ್ಯಪ್‌ಗೋ ಕಳಿಸುವ ದಿನಚರಿಯಲ್ಲಿ ಆ ಊರಿನ ಪೋರ್ಟ್ ಏಜೆಂಟರ (ಬಂದರಿನಲ್ಲಿ ಹಡಗಿನವರ ಪ್ರತಿನಿಧಿ) ಫೋನ್ ನಂಬರ್ ಇರುತ್ತದೆ. ಇಳಿಯುವ ಮೊದಲು ಅದರ ಫೋಟೊ ತೆಗೆದುಕೊಳ್ಳಿ. ತಡವಾದರೆ ಮೊದಲು ಫೋನ್ ಮಾಡಬೇಕಾದದ್ದು ಅವರಿಗೇ.

ಬಾರ್ಸಿಲೋನಾಕ್ಕೆ ಒಂದು ದಿನ ಮೊದಲೇ ಹೋಗಿ. ಮುಂಬೈನಿಂದ ನಡುವೆ ವಿಮಾನ ಬದಲಿಸಿ ಹೋಗುತ್ತೀರಿ. ಒಂದು ವಿಮಾನ ತಡವಾಗಿ ಹಡಗು ತಪ್ಪಿದರೆ ಇಷ್ಟೆಲ್ಲ ಲೆಕ್ಕ ಹಾಕಿದ್ದೂ ವ್ಯರ್ಥ. ಆ ಒಂದು ದಿನದಲ್ಲಿ ಸಗ್ರಾದಾ ಫಮಿಲಿಯಾ ನಿಧಾನವಾಗಿ ನೋಡಬಹುದು. 1882ರಲ್ಲಿ ಕಟ್ಟಲು ಶುರುಮಾಡಿದ ಚರ್ಚು ಅದು. ಟಿಕೆಟ್ ಆನ್‌ಲೈನ್‌ನಲ್ಲೇ ತಗೋಬೇಕು.

ನಿಮ್ಮ ಹಡಗು ಯಾವ ವಾರ ಯಾವ ಬಂದರಿನಲ್ಲಿರುತ್ತದೆ ಅಂತ ಇಲ್ಲೇ ಬರೆಯಿರಿ. ನೇಪಲ್ಸ್ ಮಂಗಳವಾರ ಬಂದರೆ ಮ್ಯೂಸಿಯಂ ರಜೆ. ಆಗ ಎರ್ಕೊಲಾನೊಗೆ ಹೋಗುವ ದಾರಿ ನೋಡಬೇಕು. ಅದೂ ವೆಸೂವಿಯಸ್ ಸಿಡಿದಾಗ ಹೂತುಹೋಗಿದ್ದ ಊರು, ಪೊಂಪೇಗಿಂತ ಬಹಳ ಚಿಕ್ಕದು. ತಾಯಿಯವರಿಗೆ ಸ್ಟೇಷನ್ನಿನಿಂದ ಗೇಟಿನವರೆಗಿನ ಇಳಿಜಾರು ಕಷ್ಟ. ನೇಪಲ್ಸ್‌ನಿಂದಲೇ ಟ್ಯಾಕ್ಸಿ ಮಾಡಿಬಿಡಿ.