ಬೃಂದಾವನದ ಪಾರ್ಕು, ಬಸರಾಳಿನ ಬಸ್ಸು

ಓದುಗರ ಪತ್ರ: "ಸಂಪಾದಕರೇ, ಕನ್ನಂಬಾಡಿ ಹತ್ತಿರ ದೊಡ್ಡ ಅಮ್ಯೂಸ್‌ಮೆಂಟ್ ಪಾರ್ಕ್ ಬೇಡ ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ನಮ್ಮ ಜಿಲ್ಲೆಯಲ್ಲಿ ಕಬ್ಬು, ಭತ್ತ ಬಿಟ್ಟರೆ ಇನ್ನೇನಿದೆ? ನನ್ನ ಮಗ ಡಿಪ್ಲೊಮಾ ಮುಗಿಸಿ ಬೆಂಗಳೂರಿನ ಬಾಡಿಗೆ ರೂಮಿನಲ್ಲಿ ಇದ್ದಾನೆ. ಸರ್ಕಾರ ಏನಾದರೂ ದೊಡ್ಡದಾಗಿ ಮಾಡಿದರೆ ಪ್ರವಾಸಿಗರು ಬರುತ್ತಾರೆ, ನಾಲ್ಕು ಜನಕ್ಕೆ ಕೆಲಸ ಸಿಗುತ್ತದೆ. ನೀವು ಪತ್ರಿಕೆಯವರು ಎಲ್ಲದಕ್ಕೂ ಬೇಡ ಅಂತೀರಲ್ಲ, ಯಾಕೆ?" (ಪಾಂಡವಪುರದ ಓದುಗರು)

ಸಂಪಾದಕರ ಉತ್ತರ:

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಮಗನ ಬಗ್ಗೆ ಬರೆದ ಸಾಲು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ಮಂಡ್ಯ ಜಿಲ್ಲೆಯ ಯಾವ ಊರಿಗೆ ಹೋದರೂ ಇದೇ ಮಾತು. ಮನೆಯಲ್ಲಿ ವಯಸ್ಸಾದವರು, ಬೆಂಗಳೂರಿನಲ್ಲಿ ಮಕ್ಕಳು, ಹಬ್ಬಕ್ಕೆ ಎರಡು ದಿನ ಬಂದು ಹೋಗೋದು. ಕೆಲಸ ಬೇಕು ಅನ್ನುವ ನಿಮ್ಮ ಮಾತಿಗೆ ನನ್ನ ತಕರಾರಿಲ್ಲ. ಪಾರ್ಕ್ ಬಂದರೆ ಟಿಕೆಟ್ ಹರಿಯುವವರು, ಸೆಕ್ಯುರಿಟಿಯವರು, ಅಡುಗೆಯವರು ಬೇಕಾಗುತ್ತಾರೆ. ಅದನ್ನೂ ಒಪ್ಪುತ್ತೇನೆ.

ಆದರೆ "ಕಬ್ಬು, ಭತ್ತ ಬಿಟ್ಟರೆ ಇನ್ನೇನಿದೆ" ಅಂತ ಕೇಳಿದಿರಲ್ಲ, ಅದು ನನಗೆ ನೋವು ಕೊಟ್ಟಿತು. ಅದೂ ಪಾಂಡವಪುರದಲ್ಲಿ ಕೂತು! ಸ್ವಾಮಿ, ನಿಮ್ಮೂರು ಒಂದು ಕಾಲಕ್ಕೆ ಹಿರೋಡೆ. ಹೈದರ್, ಟಿಪ್ಪು ಕಾಲದಲ್ಲಿ ಫ್ರೆಂಚ್ ಸೈನಿಕರು ಬಂದು ಬಿಡಾರ ಹೂಡಿದ್ದರಿಂದ ಫ್ರೆಂಚ್ ರಾಕ್ಸ್ ಅನ್ನಿಸಿಕೊಂಡಿತ್ತು. ಪಕ್ಕದಲ್ಲೇ ಕುಂತಿಬೆಟ್ಟ. ಆ ಕಡೆ ತೊಣ್ಣೂರು ಕೆರೆ, ಬೇಸಿಗೆಯಲ್ಲೂ ಕಣ್ಣು ತಣ್ಣಗಾಗುವಷ್ಟು ನೀರು. ದಡದ ಊರಿನಲ್ಲಿ ಹೊಯ್ಸಳರ ಕಾಲದ ನಂಬಿನಾರಾಯಣ ದೇವಸ್ಥಾನ, ಜೊತೆಗೆ ರಾಮಾನುಜಾಚಾರ್ಯರು ಅಲ್ಲಿ ಇದ್ದರು ಅನ್ನುವ ಕಥೆಗಳು. ಒಂದೇ ತಾಲ್ಲೂಕಿನಲ್ಲಿ ಇಷ್ಟಿದೆ. ನಿಮ್ಮ ಪತ್ರದಲ್ಲಿ ಇದ್ಯಾವುದೂ ಇಲ್ಲ. ತಪ್ಪು ನಿಮ್ಮೊಬ್ಬರದೇ ಅಂತ ನಾನು ಹೇಳುತ್ತಿಲ್ಲ. ಸರ್ಕಾರಗಳು ಎಷ್ಟೋ ವರ್ಷದಿಂದ ಪ್ರವಾಸೋದ್ಯಮ ಅಂದರೆ ಹೊಸದಾಗಿ ಕಟ್ಟುವುದು ಅಂತಲೇ ನಮಗೆ ಹೇಳಿಕೊಡುತ್ತಾ ಬಂದಿವೆ. ಇರೋದನ್ನು ಲೆಕ್ಕಕ್ಕೆ ಹಿಡಿಯುವ ಅಭ್ಯಾಸವೇ ನಮಗೆ ತಪ್ಪಿಹೋಗಿದೆ.

2018ರಲ್ಲಿ ಕನ್ನಂಬಾಡಿ ಕಟ್ಟೆ, ಅಂದರೆ ಕೆಆರ್‌ಎಸ್ ಹತ್ತಿರ ಡಿಸ್ನಿಲ್ಯಾಂಡ್ ಮಾದರಿಯ ಪಾರ್ಕು, 125 ಅಡಿಯ ಕಾವೇರಿ ಪ್ರತಿಮೆ ಅಂತ ಹೇಳಿದರು. ಆಗ ರೈತರು ವಿರೋಧಿಸಿದರು. ಸರ್ಕಾರ ಬದಲಾದ ಮೇಲೂ ಅದೇ ಆಸೆ ಬೇರೆ ಹೆಸರಿನಲ್ಲಿ ಮತ್ತೆ ಬಂತು. ಅಣೆಕಟ್ಟೆಯ ಕೆಳಗಿರುವವರಿಗೆ ಅಣೆಕಟ್ಟೆಯದೇ ಚಿಂತೆ. ಕಟ್ಟೆಯ ಬುಡದಲ್ಲಿ ಅಗೆದು ಕಟ್ಟುವುದು ಅಂದರೆ ಅವರ ಎದೆ ಹೊಡೆದುಕೊಳ್ಳುತ್ತೆ, ಅದು ಸಹಜ. 1911ರಲ್ಲಿ ಕೆಲಸ ಶುರುವಾದ ಆ ಕಟ್ಟೆ ಹುಟ್ಟಿದ್ದೇ ನೀರಿಗಾಗಿ. ವಿಶ್ವೇಶ್ವರಯ್ಯ ನಾಲೆ ಹರಿಯದಿದ್ದರೆ ನೀವು ಹೇಳುವ ಕಬ್ಬೂ ಇಲ್ಲ, ಭತ್ತವೂ ಇಲ್ಲ. ಬೃಂದಾವನ ಆಮೇಲೆ ಬಂತು, ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ. ಇರುವ ನೀರು, ಇರುವ ಇಳಿಜಾರು, ಅದಕ್ಕೆ ಗಿಡ, ಕಾರಂಜಿ, ದೀಪ. ನೋಡಿ ಖುಷಿಪಟ್ಟವರು ನಮ್ಮ ಅಜ್ಜ ಅಜ್ಜಿ. ಶಾಲೆಯ ಪ್ರವಾಸದಲ್ಲಿ ಸಂಜೆ ದೀಪ ಹತ್ತಿದ ಕೂಡಲೇ ನಾವೆಲ್ಲ 'ಹೋ' ಅಂತ ಕೂಗಿದ್ದು ಇನ್ನೂ ನನ್ನ ಕಿವಿಯಲ್ಲಿದೆ. ಆ ತೋಟವನ್ನು ಚೆನ್ನಾಗಿ ನೋಡಿಕೊಳ್ಳಿ, ಗಿಡಕ್ಕೆ ನೀರು ಹಾಕಿ, ಕೆಟ್ಟ ಕಾರಂಜಿ ರಿಪೇರಿ ಮಾಡಿ ಅಂದರೆ ಅದು ಸುದ್ದಿಯಾಗುವುದಿಲ್ಲ. ಶಂಕುಸ್ಥಾಪನೆ ಮಾತ್ರ ಸುದ್ದಿ.

ಈಗ ಒಂದು ಸಣ್ಣ ಘಟನೆ ಹೇಳುತ್ತೇನೆ. ಕೆಲವು ವರ್ಷದ ಹಿಂದೆ ಧಾರವಾಡ ಕಡೆಯ ನೆಂಟರು ಮಂಡ್ಯಕ್ಕೆ ಬಂದಿದ್ದರು. ಮೈಸೂರು ಅರಮನೆ, ಚಾಮುಂಡಿಬೆಟ್ಟ ಎಲ್ಲ ನೋಡಿ ಆಗಿತ್ತು. ನಮ್ಮ ಜಿಲ್ಲೆಯದೇ ಏನಾದರೂ ತೋರಿಸೋಣ ಅಂತ ಬಸರಾಳಿಗೆ ಕರೆದುಕೊಂಡು ಹೋದೆ. ಅಲ್ಲಿನ ಮಲ್ಲಿಕಾರ್ಜುನ ದೇವಸ್ಥಾನ 1234ರ ಸುಮಾರಿನದು, ಹೊಯ್ಸಳ ಎರಡನೆಯ ನರಸಿಂಹನ ಕಾಲದಲ್ಲಿ ಹರಿಹರ ದಂಡನಾಯಕ ಕಟ್ಟಿಸಿದ್ದು. ಗೋಡೆಯ ಮೇಲೆ ಕುಣಿಯುವ ಶಿವನನ್ನು ನೋಡಿ ನೆಂಟರ ಪೈಕಿ ಹಿರಿಯರೊಬ್ಬರು ಕೈಮುಗಿದು ನಿಂತವರು ಅಲ್ಲಾಡಲಿಲ್ಲ. ಆದರೆ ಹೋಗಿದ್ದು ಹೇಗೆ ಗೊತ್ತಾ? ಬಸ್ಸಿಗೆ ಕಾದು ಕಾದು ಕೊನೆಗೆ ಕಾರು ಬಾಡಿಗೆಗೆ ತಗೊಂಡೆವು. ದೇವಸ್ಥಾನದ ಬಾಗಿಲು ಹಾಕಿತ್ತು, ಬೀಗದ ಕೈ ಯಾರ ಹತ್ತಿರ ಅಂತ ಹುಡುಕಲು ಅರ್ಧ ಗಂಟೆ. ಜೊತೆಗಿದ್ದ ಹೆಂಗಸರಿಗೆ ಶೌಚಾಲಯ ಇರಲಿಲ್ಲ. ಪಕ್ಕದ ಮನೆಯ ತಾಯಿಯೊಬ್ಬರು ತಮ್ಮ ಮನೆಯ ಬಚ್ಚಲು ತೋರಿಸಿದರು, ಆಮೇಲೆ ಎಲ್ಲರಿಗೂ ಮಜ್ಜಿಗೆ ಕೊಟ್ಟರು. ದುಡ್ಡು ಕೊಡಲು ಹೋದರೆ "ಮನೆಗೆ ಬಂದೋರ ಹತ್ರ ಈಸ್ಕೊಂಡಾರಾ" ಅಂದುಬಿಟ್ಟರು.

ನೆಂಟರು ಊರಿಗೆ ಹೋದ ಮೇಲೆ ಫೋನಿನಲ್ಲಿ ನೆನೆಸಿಕೊಂಡಿದ್ದು ಎರಡನ್ನೇ. ಆ ಶಿವ, ಆ ಮಜ್ಜಿಗೆ. ಅರಮನೆಯ ಮಾತೇ ಬರಲಿಲ್ಲ.

ನನ್ನ ಮಾತು ಇಷ್ಟೇ. ಆ ತಾಯಿಗೆ ಸರ್ಕಾರ ಏನು ಕೊಟ್ಟಿದೆ? ಅವರ ಹಾಗಿನ ಹತ್ತು ಮನೆಗೆ ಒಂದೊಂದು ಕೋಣೆ ಸರಿಮಾಡಿಕೊಳ್ಳಲು ಸಾಲ, ಊರಿನ ಒಬ್ಬ ಹುಡುಗನಿಗೆ ಮಾರ್ಗದರ್ಶಿಯ ತರಬೇತಿ, ದಿನಕ್ಕೆ ಹೊತ್ತಿಗೆ ಸರಿಯಾಗಿ ನಾಲ್ಕು ಬಸ್ಸು, ನೀರಿರುವ ಒಂದು ಶೌಚಾಲಯ. ಇದಕ್ಕೆ ಒಂದು ಪ್ರತಿಮೆಯ ಪಾದದಷ್ಟೂ ಖರ್ಚಾಗುವುದಿಲ್ಲ. ಕೆ.ಆರ್. ಪೇಟೆಯ ಕಡೆ ನೋಡಿ. ಹೊಸಹೊಳಲಿನ ಲಕ್ಷ್ಮೀನಾರಾಯಣ ದೇವಸ್ಥಾನದ ಸುತ್ತ ರಾಮಾಯಣ, ಮಹಾಭಾರತ ಪಟ್ಟಿಪಟ್ಟಿಯಾಗಿ ಕೆತ್ತಿದ್ದಾರೆ. ಕಿಕ್ಕೇರಿಯ ಬ್ರಹ್ಮೇಶ್ವರವನ್ನು 1171ರಲ್ಲಿ ಕಟ್ಟಿಸಿದ್ದು ಬಮ್ಮವೆ ನಾಯಕಿತಿ ಅನ್ನುವ ಹೆಂಗಸು. ಗೋವಿಂದನಹಳ್ಳಿಯಲ್ಲಿ ಐದು ಲಿಂಗಗಳ ಗುಡಿ ಸಾಲಾಗಿ ನಿಂತಿದೆ. ನಾಗಮಂಗಲದ ಸೌಮ್ಯಕೇಶವ, ಕಂಬದಹಳ್ಳಿಯ ಬಸದಿ ಬೇರೆ. ಒಬ್ಬ ಒಳ್ಳೆ ಮಾರ್ಗದರ್ಶಿ ಜೊತೆಗಿದ್ದರೆ ಎರಡು ದಿನ ಸಾಲದು. ಎರಡು ದಿನ ಅಂದರೆ ಒಂದು ರಾತ್ರಿ ಇಲ್ಲೇ ಉಳಿಯಬೇಕು. ಅದೇ ಬೇಕಾಗಿರೋದು. ಉಳಿದರೆ ಊಟ ಮಾಡುತ್ತಾರೆ, ಆಟೋ ಹತ್ತುತ್ತಾರೆ, ಬೆಲ್ಲ ಕೊಳ್ಳುತ್ತಾರೆ. ಉಳಿಯದಿದ್ದರೆ ನಮಗೆ ಸಿಗುವುದು ಧೂಳು, ಅಷ್ಟೆ.

ಸೋಮನಾಥಪುರದ ಹೊಯ್ಸಳ ದೇವಸ್ಥಾನದ ಕಥೆಯೂ ಹಾಗೇ ಆಗದಿರಲಿ ಅಂತ ನನ್ನ ಆಸೆ. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡಿನ ಜೊತೆ ಅದೂ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದಾಗ ನನಗೆ ಎಷ್ಟು ಖುಷಿಯಾಯಿತು ಅಂದರೆ ಮರುದಿನವೇ ಹೋಗಿ ಬಂದೆ. ಮಲ್ಲಿತಮ್ಮನ ಹೆಸರು ಕೆತ್ತಿದ ವಿಗ್ರಹಗಳ ಮುಂದೆ ನಿಂತಿದ್ದೆ. ಏಳುನೂರೈವತ್ತು ವರ್ಷದ ಹಿಂದಿನ ಶಿಲ್ಪಿ, ತನ್ನ ಕೆಲಸದ ಕೆಳಗೆ ತನ್ನ ಹೆಸರು ಬರೆದಿದ್ದಾನೆ! ನನ್ನ ಪಕ್ಕದಲ್ಲೇ ಒಂದು ಕುಟುಂಬ ಕಾರಿನಿಂದ ಇಳಿದು, ಫೋಟೊ ತೆಗೆದುಕೊಂಡು, ಅರ್ಧ ಗಂಟೆಯಲ್ಲಿ ಮೈಸೂರಿಗೆ ಹೊರಟುಹೋಯಿತು. ಅವರಿಗೆ ಮಲ್ಲಿತಮ್ಮನ ಬಗ್ಗೆ ಹೇಳುವವರು ಯಾರೂ ಸಿಗಲಿಲ್ಲ ಅನ್ನೋದೇ ನನ್ನ ಬೇಸರ.

ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ವಿಷಯ ಎತ್ತದೆ ಹೇಗಿರಲಿ? 2023ರ ಮಾರ್ಚಿನಲ್ಲಿ ಅದರ ಉದ್ಘಾಟನೆ ನಮ್ಮ ಜಿಲ್ಲೆಯಲ್ಲೇ ಆಯಿತು. ಬೆಂಗಳೂರು ಹತ್ತಿರವಾಯಿತು, ಆಸ್ಪತ್ರೆಗೆ ಓಡುವವರಿಗೆ ಅನುಕೂಲವಾಯಿತು, ಸರಿ. ಆದರೆ ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ ಎಲ್ಲ ಊರಿನ ಹೊರಗೇ ಗಾಡಿಗಳು ಹಾರಿಹೋಗುತ್ತಿವೆ. ಹಳೆ ರಸ್ತೆಯಲ್ಲಿ ಬೊಂಬೆ ಅಂಗಡಿಯ ಮುಂದೆ ಮಗು ಅತ್ತರೆ ಕಾರು ನಿಲ್ಲುತ್ತಿತ್ತು. ಮದ್ದೂರಿನಲ್ಲಿ ವಡೆಯ ವಾಸನೆಗೆ ಬಸ್ಸಿನ ಡ್ರೈವರೇ ನಿಲ್ಲಿಸುತ್ತಿದ್ದರು. ಈಗ ಯಾರು ನಿಲ್ಲಿಸುತ್ತಾರೆ? ಎಳನೀರು ಮಾರುವ ಒಬ್ಬರು ನನಗೆ ಹೇಳಿದರು, "ಸಾರ್, ಮುಂಚೆ ಸಾಯಂಕಾಲದೊಳಗೆ ಗಾಡಿ ಖಾಲಿ ಆಗ್ತಿತ್ತು, ಈಗ ಅರ್ಧ ವಾಪಸ್ ಮನೆಗೆ ತಗೊಂಡು ಹೋಗ್ತೀನಿ." ರಸ್ತೆ ಮಾಡುವಾಗ ಈ ಮನುಷ್ಯನ ಬಗ್ಗೆ ಯೋಚಿಸಿದ್ದರೆ, ಪ್ರತಿ ಊರಿನ ಹತ್ತಿರವೂ ಇಲ್ಲಿನ ವ್ಯಾಪಾರಿಗಳಿಗೇ ಒಂದು ತಂಗುದಾಣ ಮಾಡಿಕೊಡುವುದು ಏನು ಕಷ್ಟವಿತ್ತು? ನೀವು 'ದೊಡ್ಡದಾಗಿ ಮಾಡಿದರೆ' ಅಂತ ಬರೆದಿದ್ದೀರಿ. ಇದಕ್ಕಿಂತ ದೊಡ್ಡದು ನಮ್ಮ ಜಿಲ್ಲೆಗೆ ಇತ್ತೀಚೆಗೆ ಯಾವುದು ಬಂದಿದೆ ಹೇಳಿ.

ಇನ್ನೊಂದು ಕಡೆ ನೋಡಿ. 2023ರ ಜೂನಿನಲ್ಲಿ ಶಕ್ತಿ ಯೋಜನೆ ಬಂತು, ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ. ಅದಕ್ಕೆ ಯಾರೂ ಪ್ರವಾಸೋದ್ಯಮ ಅಂತ ಹೆಸರಿಡಲಿಲ್ಲ. ಆದರೆ ಆ ತಿಂಗಳು ಮೇಲುಕೋಟೆ, ಚಾಮುಂಡಿಬೆಟ್ಟ, ಧರ್ಮಸ್ಥಳ ಎಲ್ಲ ಕಡೆ ಹೆಂಗಸರೇ ಹೆಂಗಸರು. ನಮ್ಮ ಬೀದಿಯ ಅಜ್ಜಿಯೊಬ್ಬರು, ಮೇಲುಕೋಟೆಯ ಕಲ್ಯಾಣಿಯನ್ನು ಮದುವೆಯಾದ ಹೊಸತರಲ್ಲಿ ನೋಡಿದವರು, ಆ ವರ್ಷ ಎರಡನೇ ಸಲ ನೋಡಿ ಬಂದರು. ಪುಳಿಯೋಗರೆ ಪೊಟ್ಟಣ ಕಟ್ಟಿಸಿಕೊಂಡು ಬಂದು ಬೀದಿಗೆಲ್ಲ ಹಂಚಿದರು. ನಮ್ಮ ಜನಕ್ಕೆ ಊರು ನೋಡುವ ಆಸೆ ಇಲ್ಲ ಅಂದವರು ಯಾರು? ಬಸ್ ಚಾರ್ಜ್ ಅಡ್ಡ ಬಂದಿತ್ತು. ಪ್ರವಾಸಿ ಅಂದರೆ ಹೊರಗಿನಿಂದ ದುಡ್ಡು ತರುವವರು ಮಾತ್ರ ಅಂತ ಲೆಕ್ಕ ಹಾಕುವುದನ್ನು ಇಲಾಖೆಗಳು ಬಿಡಬೇಕು. ಆ ಅಜ್ಜಿಯೂ ಪ್ರವಾಸಿಯೇ ಅಲ್ವಾ?

ಕೊಕ್ಕರೆಬೆಳ್ಳೂರಿಗೆ ಹೋಗಿದ್ದೀರಾ? ಮದ್ದೂರು ತಾಲ್ಲೂಕು. ಹೆಜ್ಜಾರ್ಲೆ (ಪೆಲಿಕನ್), ಬಣ್ಣದ ಕೊಕ್ಕರೆಗಳು ಅಲ್ಲಿ ಮನೆ ಹಿತ್ತಲಿನ ಹುಣಸೆ ಮರದಲ್ಲಿ ಗೂಡು ಕಟ್ಟುತ್ತವೆ. ಹಕ್ಕಿಗಳಿಗೆ ತೊಂದರೆಯಾಗಬಾರದು ಅಂತ ಜನ ಹುಣಸೆಹಣ್ಣಿನ ಆಸೆಯನ್ನೇ ಬಿಟ್ಟರು. ಹೆರಿಗೆಗೆ ತವರಿಗೆ ಬಂದ ಮಗಳು ಅನ್ನುತ್ತಾರೆ ಹಕ್ಕಿಯನ್ನು. ಊರ ಹುಡುಗರೇ ಹೆಜ್ಜಾರ್ಲೆ ಬಳಗ ಅಂತ ಕಟ್ಟಿಕೊಂಡು ಗೂಡಿನಿಂದ ಬಿದ್ದ ಮರಿಗಳನ್ನು ಸಾಕಿದರು. 2007ರಲ್ಲಿ ಸರ್ಕಾರ ಅದನ್ನು ಸಮುದಾಯ ಮೀಸಲು ಪ್ರದೇಶ ಅಂತ ಘೋಷಿಸಿತು. ಆದರೆ ಹಕ್ಕಿ ಕಾದವರು ಅದಕ್ಕೂ ಎಷ್ಟೋ ತಲೆಮಾರಿನ ಹಿಂದಿನವರು. ಅಲ್ಲಿಗೆ ಹೋದಾಗಲೆಲ್ಲ ನನಗೆ ಅನ್ನಿಸುವುದು ಒಂದೇ. ಮೊದಲು ಊರಿನವರ ಪ್ರೀತಿ, ಆಮೇಲೆ ಸರ್ಕಾರದ ಬೋರ್ಡು. ರಂಗನತಿಟ್ಟಿನಲ್ಲೂ ಹಾಗೇ ಅಲ್ವಾ? ಪಕ್ಷಿತಜ್ಞ ಸಲೀಂ ಅಲಿ ನೋಡಿ ಇದನ್ನು ಕಾಪಾಡಿ ಅಂತ ಹೇಳಿದರು, 1940ರಲ್ಲಿ ಪಕ್ಷಿಧಾಮವಾಯಿತು, 2022ರಲ್ಲಿ ಜಗತ್ತಿನ ಮುಖ್ಯ ಜೌಗುಭೂಮಿಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಹಕ್ಕಿಗಳನ್ನು ಯಾರೂ ಕಟ್ಟಡ ಕಟ್ಟಿ ಕರೆಯಲಿಲ್ಲ. ಅವು ಇದ್ದಲ್ಲಿ ಇರಲು ಬಿಟ್ಟರು, ಅಷ್ಟೆ.

ಇರುವುದನ್ನು ಉಳಿಸಲು ನಮಗೆ ಕೈಲಾಗುವುದಿಲ್ಲ ಅಂತಲೂ ಅಲ್ಲ. ಶ್ರೀರಂಗಪಟ್ಟಣದಲ್ಲಿ ಜೋಡಿ ರೈಲು ಹಳಿಗೆ ಅಡ್ಡ ಬಂದ ಟಿಪ್ಪುವಿನ ಮದ್ದುಗುಂಡಿನ ಮನೆಯನ್ನು 2017ರಲ್ಲಿ ಬುಡಸಮೇತ ಎತ್ತಿ ನೂರಕ್ಕೂ ಹೆಚ್ಚು ಮೀಟರ್ ಆಚೆ ಇಟ್ಟರು. ನಾನು ನೋಡಲು ಹೋಗಿದ್ದೆ, ಮೈ ಜುಮ್ಮೆಂದಿತು. ಮನಸ್ಸಿದ್ದರೆ ಆಗುತ್ತದೆ. ಅದೇ ಮೈಸೂರಿನಲ್ಲಿ ನೋಡಿ. 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ಜನ ಸತ್ತರು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು. ಕೆಡವಬೇಕಾ, ಉಳಿಸಬೇಕಾ ಅಂತ ವರ್ಷಗಟ್ಟಲೆ ವಾದ. ಆ ಮಾರುಕಟ್ಟೆಯಲ್ಲಿ ಮಲ್ಲಿಗೆ ಮೊಳ ಹಾಕುವವರನ್ನು, ಕುಂಕುಮದ ರಾಶಿಗಳನ್ನು ನೋಡಲು ದೂರದೂರದಿಂದ ಜನ ಬರುತ್ತಾರೆ. ದಸರೆಗೆ ಹತ್ತು ದಿನ ಊರೆಲ್ಲ ದೀಪ ಹಾಕುತ್ತೇವೆ. ಹನ್ನೊಂದನೇ ದಿನ ಮಾರುಕಟ್ಟೆಯ ಸೂರಿನ ಬಗ್ಗೆ ಕೇಳುವವರಿಲ್ಲ. ಅದಕ್ಕೇ ನನಗೆ ಹೊಟ್ಟೆ ಉರಿಯುವುದು.

ನಿಮ್ಮ ಮಗನ ವಿಷಯಕ್ಕೆ ಬರುತ್ತೇನೆ, ಅದನ್ನು ಮರೆತಿಲ್ಲ. ಪಾರ್ಕಿನ ಗೇಟಿನಲ್ಲಿ ನಿಂತು ಕಾಗದ ಹರಿಯುವ ಕೆಲಸ ಅವನಿಗೆ ಸಿಕ್ಕರೂ ಸಿಗಬಹುದು, ಕಂಟ್ರಾಕ್ಟ್ ಮೇಲೆ. ಆದರೆ ಡಿಪ್ಲೊಮಾ ಓದಿದ ಹುಡುಗ, ಈ ಮಣ್ಣಿನಲ್ಲೇ ಬೆಳೆದವನು. ಕುಂತಿಬೆಟ್ಟದ ದಾರಿ ಅವನಿಗೆ ಗೊತ್ತು. ತೊಣ್ಣೂರು ಕೆರೆಯಲ್ಲಿ ಯಾವ ಕಡೆ ಆಳ, ಯಾವ ಕಡೆ ಇಳಿಯಬಹುದು ಅನ್ನುವುದೂ ಗೊತ್ತಿರುತ್ತೆ. ಮುಂದಿನ ಸಲ ರಜೆಗೆ ಬಂದಾಗ ಒಂದು ದಿನ ಅವನ ಜೊತೆ ತೊಣ್ಣೂರಿಗೆ ಹೋಗಿ ಬನ್ನಿ. ಬಸ್ಸು ಎಷ್ಟು ಹೊತ್ತಿಗೆ ಸಿಕ್ಕಿತು, ದೇವಸ್ಥಾನದ ಬಾಗಿಲು ತೆಗೆದಿತ್ತಾ, ಹೆಂಗಸರಿಗೆ ಶೌಚಾಲಯ ಇತ್ತಾ, ಬೇರೆ ಊರಿನವರು ಎಷ್ಟು ಜನ ಬಂದಿದ್ದರು, ಅವರಿಗೆ ಅಲ್ಲಿ ಒಂದು ಲೋಟ ಕಾಫಿ ಸಿಕ್ಕಿತಾ, ಇದನ್ನೆಲ್ಲ ಅವನ ಕೈಯಲ್ಲೇ ಬರೆಸಿ ಕಳಿಸಿ. ಎರಡು ಪುಟ ಅವನಿಗಾಗಿ ಇಟ್ಟಿರುತ್ತೇನೆ. ಅಚ್ಚಾದ ಮೇಲೆ ಆ ಪುಟಗಳನ್ನು ನಾನೇ ಜಿಲ್ಲಾ ಕಚೇರಿಗೆ ತೆಗೆದುಕೊಂಡು ಹೋಗಿ ಸಂಬಂಧಪಟ್ಟವರ ಮೇಜಿನ ಮೇಲೆ ಇಡುತ್ತೇನೆ.