ಪ್ರವಾಸ ಕಂಪನಿಯವರ ‘ಬೆಂಗಳೂರಿಗೇ ಬನ್ನಿ’ ಎಂಬ ಮಾತಿಗೆ

ಕಾಶಿ ಪ್ರವಾಸದಲ್ಲಿ ಹೇಳಿದ ಸೇವೆ ಸಿಗಲಿಲ್ಲ, ದೂರು ಕೊಡುವುದಾದರೆ ‘ಬೆಂಗಳೂರಿಗೇ ಬನ್ನಿ’ ಎಂದು ಪ್ರವಾಸ ಕಂಪನಿಯವರು ಹೇಳುತ್ತಿದ್ದಾರೆ, ಏನು ಮಾಡಲಿ ಎಂದು ಕೇಳಿದ್ದೀರಿ. ಕಾಶಿಯಲ್ಲಿ ಎಸಿ ಹೋಟೆಲ್ ಎಂದು ಹಣ ಪಡೆದು ಧರ್ಮಶಾಲೆಗೆ ತಳ್ಳಿದ್ದು, ಪ್ರಯಾಗರಾಜನ್ನು ಕೈಬಿಟ್ಟಿದ್ದು ಎರಡೂ ಕಾನೂನಿನ ಭಾಷೆಯಲ್ಲಿ ‘ಸೇವಾ ನ್ಯೂನತೆ’. ನಿಮ್ಮನ್ನು ತಡೆದು ನಿಲ್ಲಿಸಿರುವುದು ರಸೀದಿಯ ಹಿಂಬದಿಯ ‘ವ್ಯಾಜ್ಯ ಬೆಂಗಳೂರಿನಲ್ಲಿ ಮಾತ್ರ’ ಎಂಬ ಸಾಲು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 34ನೇ ಸೆಕ್ಷನ್ ಪ್ರಕಾರ ದೂರುದಾರ ವಾಸಿಸುವ ಜಿಲ್ಲೆಯಲ್ಲೇ ದೂರು ಸಲ್ಲಿಸಬಹುದು. ಶಿರಾದವರಾದ ನಿಮಗೆ ತುಮಕೂರಿನ ಜಿಲ್ಲಾ ಗ್ರಾಹಕ ಆಯೋಗವೇ ಸಾಕು. ಆ ಸಾಲನ್ನು ಹಿಡಿದು ಅವರು ಆಕ್ಷೇಪಿಸಬಹುದು, ಆದ್ದರಿಂದ ಸೆಕ್ಷನ್ ಸಂಖ್ಯೆಯನ್ನು ದೂರಿನಲ್ಲೇ ಬರೆಯಿರಿ.

ಮೊದಲು ಕರಪತ್ರ, ರಸೀದಿ, ಹಣ ಪಾವತಿಯ ದಾಖಲೆ, ಕೋಣೆಯ ಫೋಟೊ ಒಟ್ಟುಗೂಡಿಸಿ. ವಾಟ್ಸ್‌ಆ್ಯಪ್ ಸಂದೇಶಗಳನ್ನು ಸಿಟ್ಟಿನಲ್ಲಿ ಅಳಿಸಬೇಡಿ. ಇಂಥದೇ ನನ್ನದೊಂದು ಪ್ರಕರಣದಲ್ಲಿ ಕೆಲಸಕ್ಕೆ ಬಂದದ್ದು ಪ್ರವಾಸ ವ್ಯವಸ್ಥಾಪಕರ ‘ಅಡ್ಜಸ್ಟ್ ಮಾಡಿಕೊಳ್ಳಿ’ ಎಂಬ ಒಂದೇ ಸಂದೇಶ. ಬಳಿಕ ಯಾವ ಸೇವೆ ಸಿಗಲಿಲ್ಲ, ಎಷ್ಟು ಹಣ ವಾಪಸ್ ಬೇಕು ಎಂದು ಬರೆದು, 15 ದಿನಗಳ ಗಡುವಿನ ನೋಟಿಸನ್ನು ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸಿ. ಜೊತೆಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿ. ಎಷ್ಟೋ ಕಂಪನಿಗಳು ಇಲ್ಲಿಗೇ ಮೆತ್ತಗಾಗುತ್ತವೆ.

ಜಗ್ಗದಿದ್ದರೆ ಆಯೋಗಕ್ಕೆ ಹೋಗಿ. ವಕೀಲರು ಕಡ್ಡಾಯವಲ್ಲ. ನೀವು ಕೊಟ್ಟ 64,000 ರೂಪಾಯಿ 5 ಲಕ್ಷದೊಳಗಿರುವುದರಿಂದ ಶುಲ್ಕವೂ ಇಲ್ಲ. ಗ್ರಾಹಕ ಆಯೋಗಗಳ ದೂರುಗಳಿಗಾಗಿ ಇರುವ ಇ-ಜಾಗೃತಿ ಜಾಲತಾಣದಲ್ಲಿಯೂ ದೂರು ಸಲ್ಲಿಸಬಹುದು. ಪೂರ್ತಿ ಹಣ ವಾಪಸ್ ಬರುತ್ತದೆ ಎಂದು ಭರವಸೆ ಕೊಡಲಾರೆ; ರೈಲು, ಊಟದಂತಹ ಪಡೆದ ಸೇವೆಯ ಪಾಲನ್ನು ಆಯೋಗ ಕಳೆಯಬಹುದು. ಮಾನಸಿಕ ಯಾತನೆಗೆ ಪರಿಹಾರ ಮತ್ತು ದಾವೆ ವೆಚ್ಚವನ್ನು ಪ್ರತ್ಯೇಕವಾಗಿ ಕೇಳಿ. ಆಯೋಗಕ್ಕೆ ದೂರು ಸಲ್ಲಿಸಲು ಕಾಲಮಿತಿ ಎರಡು ವರ್ಷ. ನಿಮ್ಮ ಪ್ರವಾಸ ಮುಗಿದು ಹದಿನಾಲ್ಕು ತಿಂಗಳಾಗಿದೆ, ನೋಟಿಸನ್ನು ಈ ವಾರವೇ ಕಳುಹಿಸಿ.