ಗ್ಲಾಸ್ ಆಮೇಲೆ ನೋಡೋಣ, ಮೊದಲು ಕಾರಿನ ಕೆಳಗೆ ಬಗ್ಗಿ ನೋಡಿ

ನಿಮ್ಮ ಪ್ರಶ್ನೆ ಓದಿದೆ. ಹೊಸಪೇಟೆಯಿಂದ ಬಳ್ಳಾರಿಗೆ ಬರುವಾಗ ತೋರಣಗಲ್ಲು ದಾಟಿದ ಮೇಲೆ ಮುಂದಿದ್ದ ಅದಿರು ಟಿಪ್ಪರ್‌ನಿಂದ ಕಲ್ಲು ಸಿಡಿದು ನಿಮ್ಮ ಮುಂದಿನ ಗ್ಲಾಸಿಗೆ ಬಡಿದಿದೆ. ಬೆರಳುದ್ದ ಬಿರುಕು ಬಿಟ್ಟಿದೆ. ಗಾಬರಿಯಲ್ಲಿ ಸ್ಟೇರಿಂಗ್ ಎಡಕ್ಕೆ ಎಳೆದಾಗ ಕೆಳಗೂ ಏನೋ ದಡ್ ಅಂತ ಬಡಿಯಿತು ಅಂದಿದ್ದೀರಿ. ಲಾರಿ ನಂಬರ್ ಸಿಕ್ಕಿಲ್ಲ. ಕಾರು ಈಗ ಮನೆ ಮುಂದೆ ನಿಂತಿದೆ, ನಾಳೆ ರಾಯಚೂರಿಗೆ ಹೋಗಬೇಕು. ಇನ್ಶೂರೆನ್ಸ್ ಕ್ಲೇಮ್ ಮಾಡಲಾ, ಕೈಯಿಂದಲೇ ಗ್ಲಾಸ್ ಹಾಕಿಸಲಾ ಅಂತ ಕೇಳಿದ್ದೀರಿ.

ಗ್ಲಾಸ್ ವಿಷಯ ಹೇಳುತ್ತೇನೆ. ಆದರೆ ನೀವು ಒಂದೇ ಸಾಲಿನಲ್ಲಿ ಹೇಳಿ ಮುಗಿಸಿದ ಆ ದಡ್ ಸದ್ದು ಇದೆಯಲ್ಲ, ನನಗೆ ಅದರದ್ದೇ ಜಾಸ್ತಿ ಚಿಂತೆ. ಬಿರುಕು ಕಣ್ಣಿಗೆ ಕಾಣುತ್ತದೆ, ಹಾಗಾಗಿ ಮನಸ್ಸೆಲ್ಲ ಅಲ್ಲೇ ಇರುತ್ತದೆ. ದೊಡ್ಡ ಖರ್ಚು ಬರುವುದು ಕಾಣದ ಕಡೆಯಿಂದ. ಇದನ್ನು ನಾನು ದುಡ್ಡು ಕೊಟ್ಟು ಕಲಿತಿದ್ದೇನೆ.

2018ರ ಬೇಸಿಗೆ. ಕೊಪ್ಪಳದಲ್ಲಿ ನೆಂಟರ ಮದುವೆ ಮುಗಿಸಿ ರಾತ್ರಿ ಬಳ್ಳಾರಿಗೆ ವಾಪಸ್ ಬರುತ್ತಿದ್ದೆ. ಕಾರಿನಲ್ಲಿ ಅಮ್ಮ, ಹೆಂಡತಿ, ಮಗಳು. ತೋರಣಗಲ್ಲು ದಾಟಿ ಕುಡತಿನಿ ಕಡೆ ಬರುವಾಗ ಎದುರಿನ ಲಾರಿಯ ಲೈಟು ಕಣ್ಣಿಗೆ ಹೊಡೆಯಿತು. ಅದು ದಾಟಿದ ಕ್ಷಣದಲ್ಲೇ ನನ್ನ ಮುಂದೆ ರಸ್ತೆ ನಡುವೆ ಒಂದು ಕಲ್ಲು. ಈ ಭಾಗದಲ್ಲಿ ಓಡಾಡುವವರಿಗೆ ಅದು ಗೊತ್ತು. ಲಾರಿ ಕೆಟ್ಟು ನಿಂತರೆ ಹಿಂದೆ ಬರುವವರಿಗೆ ಕಾಣಲಿ ಅಂತ ದಪ್ಪ ದಪ್ಪ ಕಲ್ಲು ಇಡುತ್ತಾರೆ, ಮರದ ಟೊಂಗೆ ಇಡುತ್ತಾರೆ. ರಿಪೇರಿ ಆದ ಮೇಲೆ ಲಾರಿ ಹೋಗುತ್ತದೆ, ಕಲ್ಲು ಅಲ್ಲೇ ಉಳಿಯುತ್ತದೆ. ಎರಡು ಚಕ್ರದ ನಡುವೆ ಹಾಯಿಸಿಬಿಡೋಣ ಅಂದುಕೊಂಡೆ. ಹಾಯಲಿಲ್ಲ.

ಸಣ್ಣ ಕಾರುಗಳ ಹೊಟ್ಟೆ ನೆಲದಿಂದ ಸುಮಾರು 170 ಮಿಲಿಮೀಟರ್ ಎತ್ತರದಲ್ಲಿ ಇರುತ್ತದೆ. ಅಂದರೆ ಒಂದು ಗೇಣಿಗಿಂತ ಕಡಿಮೆ. ನಾಲ್ಕು ಜನ ಕೂತು ಡಿಕ್ಕಿಯಲ್ಲಿ ಸಾಮಾನು ತುಂಬಿದರೆ ಇನ್ನೂ ತಗ್ಗುತ್ತದೆ. ತಲೆ ಗಾತ್ರದ ಕಲ್ಲು ಅದರ ಕೆಳಗೆ ಹಾಯುವ ಮಾತೇ ಇಲ್ಲ. ಬ್ರೇಕ್ ಹಾಕಿ, ವೇಗ ತಗ್ಗಿಸಿ, ಜಾಗ ಇದ್ದರೆ ಪಕ್ಕಕ್ಕೆ ಹೋಗಬೇಕಿತ್ತು.

ಸದ್ದು ಬಂತು. ಸ್ವಲ್ಪ ಹೊತ್ತಿಗೆ ಡ್ಯಾಶ್‌ಬೋರ್ಡಿನಲ್ಲಿ ಒಂದು ಕೆಂಪು ದೀಪ ಹತ್ತಿತು. ಎಣ್ಣೆ ಗಿಂಡಿಯಂಥ ಗುರುತು, ತುದಿಯಲ್ಲಿ ಒಂದು ಹನಿ. ಸುತ್ತ ಕತ್ತಲು, ಹಿಂದೆ ಮುಂದೆ ಲಾರಿಗಳು, ಕಾರಿನಲ್ಲಿ ಹೆಂಗಸರು, ಮಗು. ಇಲ್ಲಿ ನಿಲ್ಲಿಸುವುದು ಬೇಡ, ಮುಂದೆ ಪೆಟ್ರೋಲ್ ಬಂಕ್ ಇದೆ, ಅಲ್ಲಿ ನೋಡೋಣ ಅಂತ ಓಡಿಸಿದೆ. ನಾಲ್ಕು ಕಿಲೋಮೀಟರ್ ಕೂಡ ಇರಲಿಲ್ಲ. ಬಂಕ್‌ನ ಬೆಳಕು ಕಾಣುವಾಗಲೇ ಇಂಜಿನ್‌ನಿಂದ ಟಕ ಟಕ ಸದ್ದು ಶುರುವಾಯಿತು, ಆಮೇಲೆ ಒಂದೇ ಸಲಕ್ಕೆ ನಿಂತುಹೋಯಿತು. ಇಳಿದು ಮೊಬೈಲ್ ಟಾರ್ಚ್ ಹಾಕಿ ಹಿಂದೆ ನೋಡಿದರೆ ಟಾರ್ ರಸ್ತೆ ಮೇಲೆ ಕಪ್ಪಗೆ ಹೊಳೆಯುವ ಗೆರೆ. ಬೆಳಕು ಹೋಗುವಷ್ಟು ದೂರಕ್ಕೂ ಇತ್ತು. ಕಾರಿನ ಹತ್ತಿರ ಬರಬರುತ್ತಾ ತೆಳ್ಳಗಾಗಿ, ಕೊನೆಗೆ ಬರೀ ಹನಿ ಆಗಿತ್ತು. ಆಯಿಲ್ ಪೂರ್ತಿ ಖಾಲಿ.

ಮಾರನೇ ದಿನ ಮೆಕ್ಯಾನಿಕ್ ಕಾರು ಎತ್ತಿಸಿ ನೋಡಿದರು. ಆಯಿಲ್ ಚೇಂಬರ್, ಅಂದರೆ ಇಂಜಿನ್ ತಳದಲ್ಲಿ ಆಯಿಲ್ ತುಂಬಿರುವ ತೊಟ್ಟಿ, ಒಡೆದಿತ್ತು. ಅವರು ಕೇಳಿದ್ದು ಒಂದೇ ಪ್ರಶ್ನೆ: 'ಲೈಟ್ ಬಂದ್ಮೇಲೆ ಎಷ್ಟು ದೂರ ಓಡ್ಸಿದ್ರಿ ಸಾರ್?' ನಾನು ಹೇಳಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ಅಲ್ಲೇ ನಿಲ್ಲಿಸಿದ್ದರೆ ಚೇಂಬರ್, ಹೊಸ ಆಯಿಲ್, ಕೂಲಿ ಎಲ್ಲಾ ಸೇರಿ ಹತ್ತು ಸಾವಿರದೊಳಗೆ ಮುಗಿಯುತ್ತಿತ್ತು. ಇಂಜಿನ್ ಸೀಜ್ ಆಗಿದ್ದರಿಂದ, ಅಂದರೆ ಒಳಗೆ ಕಚ್ಚಿಕೊಂಡು ತಿರುಗದೆ ನಿಂತಿದ್ದರಿಂದ, ನನ್ನ ಕೈಯಿಂದ ಹೋದದ್ದು 82 ಸಾವಿರ.

ಆ ಕೆಂಪು ದೀಪದ ಬಗ್ಗೆ ತುಂಬ ಜನಕ್ಕೆ ತಪ್ಪು ತಿಳುವಳಿಕೆ ಇದೆ, ನನಗೂ ಇತ್ತು. ಅದು ಆಯಿಲ್ ಸ್ವಲ್ಪ ಕಡಿಮೆ ಆಗಿದೆ, ಟಾಪಪ್ ಮಾಡಿ ಅನ್ನುವ ದೀಪ ಅಲ್ಲ. ಇಂಜಿನ್ ಒಳಗೆ ಆಯಿಲ್‌ನ ಒತ್ತಡವೇ ಬಿದ್ದುಹೋಗಿದೆ ಅನ್ನುವ ದೀಪ. ಸಣ್ಣ ಕಾರಿನಲ್ಲಿ ಇರುವುದೇ ಮೂರು ನಾಲ್ಕು ಲೀಟರ್ ಆಯಿಲ್. ಕೆಳಗೆ ತೂತಾದರೆ ಅದು ಖಾಲಿಯಾಗಲು ಎಷ್ಟು ಹೊತ್ತು ಬೇಕು? ಆಮೇಲೆ ಬೇರಿಂಗ್‌ಗಳು ಒಣ ಲೋಹಕ್ಕೆ ಲೋಹ ಉಜ್ಜಿಕೊಂಡು ಓಡುತ್ತವೆ. ಒಂದೆರಡು ನಿಮಿಷ ಸಾಕು.

ಇನ್ಶೂರೆನ್ಸ್‌ನವರು ಚೇಂಬರ್‌ಗೆ ಕೊಟ್ಟರು, ಇಂಜಿನ್‌ಗೆ ಕೊಡಲಿಲ್ಲ. ಆಗ ಸಿಟ್ಟು ಬಂದಿತ್ತು. ಆಮೇಲೆ ಪಾಲಿಸಿ ಕಾಗದ ಕೂತು ಓದಿದೆ. ನಮ್ಮ ದೇಶದ ಸಾಮಾನ್ಯ ಕಾರ್ ಪಾಲಿಸಿಗಳಲ್ಲೆಲ್ಲ ಒಂದು ಷರತ್ತು ಇರುತ್ತದೆ. ಅಪಘಾತ ಆದ ಮೇಲೆ ಬೇಕಾದ ರಿಪೇರಿ ಮಾಡಿಸದೆ ಗಾಡಿ ಓಡಿಸಿದರೆ, ಅದರಿಂದ ಹೆಚ್ಚಾದ ಹಾನಿ ಮಾಲೀಕರದ್ದೇ ಹೊಣೆ. ಬಂಪರ್ ಟು ಬಂಪರ್ ಅಂತ ಹೇಳಿ ಮಾರುವ ಝೀರೋ ಡೆಪ್ ಇದ್ದರೂ ಇಷ್ಟೇ, ಅದು ಸವಕಳಿ ಕಡಿತಕ್ಕೆ, ಅಂದರೆ ಭಾಗ ಹಳೆಯದು ಅಂತ ಕ್ಲೇಮ್‌ನಲ್ಲಿ ಕಡಿಯುವ ದುಡ್ಡಿಗೆ ಮಾತ್ರ. ಇಂಜಿನ್ ಪ್ರೊಟೆಕ್ಷನ್ ಅಂತ ಬೇರೆ ಆಡ್-ಆನ್ (ಜಾಸ್ತಿ ದುಡ್ಡು ಕೊಟ್ಟು ಪಾಲಿಸಿಗೆ ಸೇರಿಸಿಕೊಳ್ಳುವುದು) ಇದೆ, ಅದಕ್ಕೂ ಷರತ್ತುಗಳಿವೆ, ಓದಿಯೇ ತೆಗೆದುಕೊಳ್ಳಿ.

ಹಾಗಾಗಿ ಈಗ ನೀವು ಮಾಡಬೇಕಾದ ಕೆಲಸ. ಕಾರು ಸ್ಟಾರ್ಟ್ ಮಾಡಬೇಡಿ. ಮನೆ ತನಕ ದೀಪ ಹತ್ತದೆ ಬಂದಿದೆ ಅಂದರೆ ಪೂರ್ತಿ ಒಡೆದಿರಲಿಕ್ಕಿಲ್ಲ. ಆದರೆ ಕೂದಲೆಳೆಯಷ್ಟು ಬಿರುಕು ಇದ್ದರೂ ರಾತ್ರಿಯೆಲ್ಲ ಹನಿ ಹನಿ ಸೋರುತ್ತದೆ. ಹಳೇ ಪೇಪರ್ ಅಥವಾ ರಟ್ಟು ಕಾರಿನ ಮುಂಭಾಗದ ಕೆಳಗೆ ಹಾಸಿ, ಬೆಳಿಗ್ಗೆ ಎಳೆದು ನೋಡಿ. ಕಪ್ಪು ಅಥವಾ ಕಂದು ಬಣ್ಣದ ಜಿಡ್ಡು ಕಲೆ ಇದ್ದರೆ ಆಯಿಲ್. ಹಸಿರು, ಗುಲಾಬಿ ಅಥವಾ ಕಿತ್ತಳೆ ಬಣ್ಣದ ನೀರಿನಂಥದ್ದು ಇದ್ದರೆ ಕೂಲಂಟ್, ಅಂದರೆ ರೇಡಿಯೇಟರ್ ಕಡೆ ಪೆಟ್ಟು ಬಿದ್ದಿದೆ. ಪೆಟ್ರೋಲ್ ವಾಸನೆ ಬಂದರೆ ಹತ್ತಿರ ಬೀಡಿ, ಬೆಂಕಿಪೊಟ್ಟಣ ಏನೂ ತರಬೇಡಿ, ಮೆಕ್ಯಾನಿಕ್‌ನನ್ನು ಮನೆಗೇ ಕರೆಸಿ. ಬರೀ ತಿಳಿ ನೀರಾದರೆ ಎಸಿಯದ್ದು, ಅದಕ್ಕೆ ಹೆದರಬೇಕಿಲ್ಲ. ಡಿಪ್‌ಸ್ಟಿಕ್, ಅಂದರೆ ಇಂಜಿನ್ ಆಯಿಲ್ ಅಳೆಯುವ ಕಡ್ಡಿ, ತೆಗೆದು ಒರೆಸಿ, ಮತ್ತೆ ಹಾಕಿ ತೆಗೆದು ಮಟ್ಟವನ್ನೂ ನೋಡಿ. ಕಾರು ಸಮ ನೆಲದಲ್ಲಿ ಇರಲಿ.

ಟೈರುಗಳನ್ನು ಕೈಯಿಂದ ಸವರಿ. ಒಳಬದಿಯನ್ನೂ ಸವರಿ, ಜನ ಅದನ್ನೇ ಬಿಡುತ್ತಾರೆ. ಪಕ್ಕದ ಗೋಡೆಯಲ್ಲಿ ನಿಂಬೆಹಣ್ಣಿನಷ್ಟು ಉಬ್ಬು ಸಿಕ್ಕರೂ ಆ ಟೈರ್ ಮುಗಿಯಿತು. ಅದಕ್ಕೆ ಪಂಕ್ಚರ್ ಅಂಗಡಿಯಲ್ಲಿ ಮದ್ದಿಲ್ಲ. ಬರೀ ಟೈರ್ ಹಾಳಾಗಿದ್ದರೆ ಸಾಮಾನ್ಯ ಪಾಲಿಸಿಯಲ್ಲಿ ಏನೂ ಸಿಗುವುದಿಲ್ಲ. ಅದರ ಜೊತೆ ಗಾಡಿಗೂ ಹಾನಿ ಆಗಿದ್ದರೆ ಟೈರಿನ ಬೆಲೆಯಲ್ಲಿ 50% ತನಕ ಕೊಡುತ್ತಾರೆ.

ಕಲೆ ಕಂಡರೆ ಗಾಡಿಯನ್ನು ಎತ್ತಿಸಿಕೊಂಡೇ ಗ್ಯಾರೇಜಿಗೆ ಒಯ್ಯಿರಿ. ಟೋಯಿಂಗ್ ಖರ್ಚಿಗೆ ಪಾಲಿಸಿಯಲ್ಲೇ ಒಂದಿಷ್ಟು ಇರುತ್ತದೆ, ಸಾಮಾನ್ಯವಾಗಿ ಕಾರಿಗೆ 1,500 ರೂಪಾಯಿ ತನಕ. ಎಲ್ಲಕ್ಕಿಂತ ಮೊದಲು ಫೋಟೋ ತೆಗೆಯಿರಿ, ಕಂಪನಿಗೆ ಫೋನ್ ಮಾಡಿ ಕ್ಲೇಮ್ ನಂಬರ್ ತೆಗೆದುಕೊಳ್ಳಿ. ಅವರು ನೋಡುವ ಮೊದಲೇ ಬಿಚ್ಚಿಸಿದರೆ ಆಮೇಲೆ ತಕರಾರು.

ಇನ್ನು ಗ್ಲಾಸ್. ಮುಂದಿನ ಗ್ಲಾಸು ಎರಡು ಪದರ ಗಾಜು, ನಡುವೆ ಒಂದು ಪ್ಲಾಸ್ಟಿಕ್ ಹಾಳೆ. ಅದಕ್ಕೇ ಒಡೆದರೂ ಪುಡಿ ಪುಡಿಯಾಗಿ ಮೈಮೇಲೆ ಬೀಳುವುದಿಲ್ಲ. ರೂಪಾಯಿ ನಾಣ್ಯದೊಳಗಿನ ಚುಕ್ಕೆ ಗಾಯವಾದರೆ ರೆಸಿನ್ ಅನ್ನುವ ಪಾರದರ್ಶಕ ಅಂಟು ತುಂಬಿ, ಬಿರುಕು ಬೆಳೆಯದಂತೆ ನಿಲ್ಲಿಸಬಹುದು. ನಿಮ್ಮದು ಬೆರಳುದ್ದ ಬಿರುಕು. ಅದು ಡ್ರೈವರ್ ಕಣ್ಣೆದುರು ಇದ್ದರೆ ಅಥವಾ ಅಂಚು ಮುಟ್ಟಿದ್ದರೆ ಬದಲಾಯಿಸುವುದೇ ಸರಿ. ಅಲ್ಲಿಯತನಕ ಹೊರಗಡೆಯಿಂದ ಪಾರದರ್ಶಕ ಟೇಪ್ ಅಂಟಿಸಿ, ಧೂಳು ನೀರು ಒಳಗೆ ಹೋಗದ ಹಾಗೆ. ನಮ್ಮ ಕೆಂಧೂಳು ಒಮ್ಮೆ ಒಳಗೆ ಸೇರಿದರೆ ರೆಸಿನ್ ಕೂರುವುದಿಲ್ಲ. ಬಿಸಿಲಲ್ಲಿ ನಿಲ್ಲಿಸಬೇಡಿ. ಬಳ್ಳಾರಿಯಲ್ಲಿ ಏಪ್ರಿಲ್ ಮೇ ತಿಂಗಳಲ್ಲಿ 40 ಡಿಗ್ರಿ ದಾಟುತ್ತದೆ. ಕಾದ ಗ್ಲಾಸಿಗೆ ಒಳಗಿಂದ ಎಸಿ ಜೋರಾಗಿ ಬಿಟ್ಟರೆ ಬೆರಳುದ್ದ ಇದ್ದದ್ದು ನೋಡನೋಡುತ್ತಾ ಮೊಳದುದ್ದ ಆಗುತ್ತದೆ. ಕಿಟಕಿ ಸ್ವಲ್ಪ ಇಳಿಸಿಕೊಂಡು ಬಾಗಿಲು ಮೆಲ್ಲಗೆ ಹಾಕಿ. ಹೊಸ ಗ್ಲಾಸ್ ಕೂರಿಸಿದ ಮೇಲೂ ಅಂಟು ಗಟ್ಟಿಯಾಗಲು ಸಮಯ ಕೊಡಿ, ಒಂದೆರಡು ದಿನ ವಾಟರ್ ಸರ್ವಿಸ್ ಬೇಡ.

ಕ್ಲೇಮ್ ಮಾಡಬೇಕಾ? ಮೊದಲು ನಿಮ್ಮ ಪಾಲಿಸಿ ಬರೀ ಥರ್ಡ್ ಪಾರ್ಟಿಯಾ, ಅಂದರೆ ಬೇರೆಯವರಿಗೆ ಆದ ಹಾನಿಗೆ ಮಾತ್ರವಾ ನೋಡಿ. ಹಾಗಾದರೆ ಏನೂ ಬರುವುದಿಲ್ಲ. ಫುಲ್ ಇನ್ಶೂರೆನ್ಸ್ ಇದ್ದರೆ ಗಾಜಿಗೆ ಸವಕಳಿ ಕಡಿತ ಇಲ್ಲ, ಅದು ಒಳ್ಳೆಯದು. 1500 ಸಿಸಿ ತನಕದ ಕಾರಿಗೆ ಪ್ರತಿ ಕ್ಲೇಮ್‌ನಲ್ಲಿ ನಿಮ್ಮ ಕೈಯಿಂದ ಹಾಕಬೇಕಾದ ಪಾಲು 1,000 ರೂಪಾಯಿ, ಅದಕ್ಕಿಂತ ದೊಡ್ಡದಕ್ಕೆ 2,000. ಆದರೆ ಒಂದು ಕ್ಲೇಮ್ ಮಾಡಿದರೆ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಪೂರ್ತಿ ಹೋಗುತ್ತದೆ. ಲೆಕ್ಕ ಹಾಕಿ ತೋರಿಸುತ್ತೇನೆ. ಬೋನಸ್ ಇಲ್ಲದಿದ್ದರೆ ನಿಮ್ಮ ಸ್ವಂತ ಹಾನಿಯ ಪ್ರೀಮಿಯಂ (ನಿಮ್ಮ ಕಾರಿಗೆ ಆಗುವ ಹಾನಿಗೆ ವರ್ಷಕ್ಕೆ ಕಟ್ಟುವುದು) 8,000 ಅಂತ ಇಟ್ಟುಕೊಳ್ಳಿ. 50% ಬೋನಸ್ ಇದ್ದರೆ ವರ್ಷಕ್ಕೆ 4,000 ಕಟ್ಟುತ್ತೀರಿ. ಕ್ಲೇಮ್ ಆದ ಮೇಲೆ ಮುಂದಿನ ವರ್ಷ 8,000. ಆಮೇಲೆ 20, 25, 35, 45 ಶೇಕಡಾ ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಮತ್ತೆ 50ಕ್ಕೆ ಹತ್ತಬೇಕು. ಐದು ವರ್ಷದಲ್ಲಿ ಜಾಸ್ತಿ ಕಟ್ಟುವುದು 10,000 ರೂಪಾಯಿ. ಹಾಗಾದರೆ ಏಳೆಂಟು ಸಾವಿರದ ಗ್ಲಾಸಿಗೆ ಕ್ಲೇಮ್ ಮಾಡಿ ಲಾಭ ಏನು? ನಿಮ್ಮ ಪಾಲಿಸಿಯಲ್ಲಿ ಬೋನಸ್ ಉಳಿಸುವ ಆಡ್-ಆನ್ ಇದ್ದರೆ, ಅಥವಾ ಕೆಳಗಿನ ಪೆಟ್ಟೂ ಸೇರಿ ದೊಡ್ಡ ಬಿಲ್ ಆದರೆ, ಮಾತು ಬೇರೆ. ಆಗ ಎರಡನ್ನೂ ಒಂದೇ ಕ್ಲೇಮ್‌ನಲ್ಲಿ ಹಾಕಿ, ಒಂದೇ ಘಟನೆ ತಾನೇ. ಅದಕ್ಕೂ ಕೆಳಗೆ ನೋಡುವುದೇ ಮೊದಲು ಆಗಬೇಕು.

ಲಾರಿಯವರಿಂದ ವಸೂಲಿ ಮಾಡುವ ದಾರಿ ಕಾನೂನಿನಲ್ಲಿ ಇದೆ. ನಂಬರ್, ಡ್ಯಾಶ್‌ಕ್ಯಾಮ್ ವಿಡಿಯೋ, ಪೊಲೀಸ್ ದೂರು ಇದ್ದರೆ ಲಾರಿಯ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಮೇಲೆ ಮೋಟಾರು ಅಪಘಾತ ನ್ಯಾಯಮಂಡಳಿಗೆ ಹೋಗಬಹುದು. ನಂಬರೇ ಇಲ್ಲದ ಮೇಲೆ ನಿಮ್ಮ ಕೇಸಿನಲ್ಲಿ ಅದು ಆಗದ ಮಾತು. ಬೆನ್ನಟ್ಟಿ ಹೋಗದೆ ಇದ್ದದ್ದು ಒಳ್ಳೆಯದೇ ಆಯಿತು. ತಾಡಪತ್ರಿ ಹೊದಿಸದೆ ಅದಿರು ಸುರಿಸಿಕೊಂಡು ಹೋಗುವ ಲಾರಿ ಕಂಡರೆ, ಪಕ್ಕದಲ್ಲಿ ಕೂತವರು ಫೋಟೋ ತೆಗೆದು 112ಕ್ಕೆ ಹೇಳಲಿ. ಓವರ್‌ಲೋಡ್‌ಗೆ ಮೋಟಾರು ವಾಹನ ಕಾಯ್ದೆಯಲ್ಲಿ 20,000 ರೂಪಾಯಿ ದಂಡ, ಮೇಲಿನ ಪ್ರತಿ ಟನ್ನಿಗೆ 2,000. ಹೆದ್ದಾರಿಯಲ್ಲಿ ಕಲ್ಲು ಬಿದ್ದಿದ್ದರೆ 1033ಕ್ಕೆ ಫೋನ್ ಮಾಡಬಹುದು.

ಟಿಪ್ಪರ್ ಹಿಂದೆ ಹೋಗುವಾಗ ಇನ್ನೊಂದು ವಿಷಯ ನೆನಪಿರಲಿ. ಕಲ್ಲು ಮೇಲಿನಿಂದಷ್ಟೇ ಬೀಳುವುದಿಲ್ಲ. ಹಿಂದಿನ ಜೋಡಿ ಟೈರುಗಳ ಸಂದಿಯಲ್ಲಿ ಸಿಕ್ಕಿಕೊಂಡ ಕಲ್ಲು ವೇಗದಲ್ಲಿ ಕವಣೆಯಿಂದ ಬಿಟ್ಟ ಹಾಗೆ ಹಾರುತ್ತದೆ. ತಾಡಪತ್ರಿ ಇದ್ದರೂ ಇದು ತಪ್ಪಿದ್ದಲ್ಲ. ಓವರ್‌ಟೇಕ್‌ಗೆ ಕಾಯುತ್ತಾ ಅದರ ಬೆನ್ನಿಗೆ ಅಂಟಿಕೊಂಡು ಹೋಗಬೇಡಿ.

ರಾತ್ರಿ ಹೊತ್ತು ದೀಪ ಹತ್ತಿದರೆ ನಿಲ್ಲಿಸಲು ಭಯ ಆಗುತ್ತದೆ, ನನಗೆ ಗೊತ್ತು. ಆದರೂ ಎಡಕ್ಕೆ ಪೂರ್ತಿ ಇಳಿಸಿ, ಇಂಜಿನ್ ಆಫ್ ಮಾಡಿ, ನಾಲ್ಕೂ ಇಂಡಿಕೇಟರ್ ಹಾಕಿ. ತ್ರಿಕೋನದ ಬೋರ್ಡ್ ಹಿಂದೆ ದೂರದಲ್ಲಿ ಇಡಿ. ಎಲ್ಲರೂ ಇಳಿದು ರಸ್ತೆಯಿಂದ ಆಚೆ ನಿಲ್ಲಲಿ, ಕಾರಿನೊಳಗೆ ಯಾರೂ ಕೂರುವುದು ಬೇಡ. ಗುರುತಿಗೆ ಕಲ್ಲು ಮಾತ್ರ ಇಡಬೇಡಿ. ನಾನು ಈಗ ಹಗಲಲ್ಲಿ ಅಂಥ ಕಲ್ಲು ಕಂಡರೆ, ಸುರಕ್ಷಿತವಾಗಿ ನಿಲ್ಲಿಸಲು ಜಾಗ ಇದ್ದರೆ, ಇಳಿದು ಅದನ್ನು ಪಕ್ಕಕ್ಕೆ ಉರುಳಿಸಿಯೇ ಮುಂದೆ ಹೋಗುತ್ತೇನೆ. ಮಗಳಿಗೆ ಈಗ ಅಭ್ಯಾಸವಾಗಿದೆ, ನನಗಿಂತ ಮೊದಲು ಅವಳೇ ತೋರಿಸುತ್ತಾಳೆ.

ರಾಯಚೂರಿಗೆ ನಾಳೆ ಬಸ್ಸಿನಲ್ಲೇ ಹೋಗಿಬನ್ನಿ. ಸಿರುಗುಪ್ಪ, ಸಿಂಧನೂರು, ಮಾನ್ವಿ ದಾಟಿ ಹೋಗುವ ಅಷ್ಟುದ್ದ ದಾರಿಗೆ ಆ ಕಾರು ತೆಗೆಯಬೇಡಿ. ಬೆಳಿಗ್ಗೆ ಪೇಪರ್ ಎಳೆದು ನೋಡಿದ ಮೇಲೆ ಯಾವ ಬಣ್ಣದ ಕಲೆ ಇದೆ ಅಂತ ಫೋಟೋ ಸಮೇತ ಇಲ್ಲೇ ಹಾಕಿ. ನಾನು ನೋಡುತ್ತಿರುತ್ತೇನೆ.